ಇನ್ನೊಂದು ಪ್ರತಿ

ಮಾರ್ಚ್ ೧೧, ಮಂಗಳವಾರ

ಇವತ್ತೂ ನಮ್ಮ ಟೈಲ್ಸ್ ಅಂಗಡಿಯಿಂದ ಒಂದೇ ಒಂದು ಇಮೇಲ್ ಆಚೆ ಹೋಗಲಿಲ್ಲ. ಬೆಳಿಗ್ಗೆ ನನ್ನ ಅನುಮಾನವೆಲ್ಲ ಟೈಪಿಸ್ಟ್ ಮೇಲಿತ್ತು. ಏನೋ ಒತ್ತಿ ಕೆಡಿಸಿ ಬಾಯಿ ಮುಚ್ಚಿಕೊಂಡಿದ್ದಾಳೆ ಅಂದುಕೊಂಡೆ. ಮಧ್ಯಾಹ್ನ ಕಂಪ್ಯೂಟರ್ ರಿಪೇರಿಯವನ ಮೇಲೆ. ತಾನೇ ಕೆಡಿಸಿ ತಾನೇ ಸರಿಮಾಡುವ ಆಸಾಮಿ ಇರಬಹುದು.

ಅವನು ಪರದೆ ನನ್ನ ಕಡೆ ತಿರುಗಿಸಿದ. "ಮೇಡಂ, ನೀವು ಕಳ್ಸೋ ಪ್ರತಿ ಮೇಲ್‌ದೂ ಗುಟ್ಟಾಗಿ ಇನ್ನೊಂದು ಕಾಪಿ ಈ ವಿಳಾಸಕ್ಕೆ ಹೋಗೋ ಹಾಗೆ ಮಾಡಿದ್ದಾರೆ. ಆ ವಿಳಾಸದ ಮೇಲ್ ಡಬ್ಬ ಈಗ ತುಂಬಿಹೋಗಿದೆ. ಅಲ್ಲಿಗೆ ಹೋಗ್ದೇ ಇದ್ರೆ ಯಾರಿಗೂ ಹೋಗಲ್ಲ."

ವಿಳಾಸ ಮಾವನದು. ಎರಡು ವರ್ಷದ ಹಿಂದೆ ಅಂಗಡಿಯ ಬೀಗದ ಕೈ ನನಗೆ ಕೊಟ್ಟು, "ಇನ್ನು ಅಂಗಡಿ ಕಡೆ ತಲೆ ಹಾಕಿನೂ ಮಲಗಲ್ಲಮ್ಮಾ" ಎಂದವರು! ಮೊನ್ನೆ ಊಟಕ್ಕೆ ಕೂತಾಗ "ಯಾಕಮ್ಮಾ, ವ್ಯಾಪಾರ ಡಲ್ಲಾ?" ಅಂದಿದ್ದನ್ನು ಕಾಳಜಿ ಅಂದುಕೊಂಡಿದ್ದೆ, ಪೆದ್ದಿ ನಾನು.

"ತೆಗೆದುಬಿಡ್ಲಾ?" ಅಂದ ರಿಪೇರಿಯವನು. ಬೇಡ, ಡಬ್ಬ ಮಾತ್ರ ದೊಡ್ಡದು ಮಾಡು ಅಂದೆ. ನಿಜವಾಗಿಯೂ ಓದುತ್ತಾರೋ ಇಲ್ಲವೋ ತಿಳಿಯಬೇಕಿತ್ತು. ಪಕ್ಕದಲ್ಲಿ ಗೊರಕೆ ಹೊಡೆಯುತ್ತಿರುವ ಇವರಿಗೆ ಹೇಳಿದರೆ, "ನಿಂಗೆ ಹುಳುಕು ಹುಡುಕೋದೇ ಕೆಲಸ" ಅನ್ನುತ್ತಾರೆ.

ಅದಕ್ಕೇ ಈಗಷ್ಟೇ ಅಂಗಡಿಯ ವಿಳಾಸದಿಂದ ನನಗೆ ನಾನೇ ಒಂದು ಮೇಲ್ ಕಳಿಸಿದೆ: ನಾಳೆಯಿಂದ ಎಲ್ಲ ಟೈಲ್ಸೂ ಅರ್ಧ ಬೆಲೆಗೆ.

ನನ್ನ ಫೋನು ಟಿಣ್ ಎಂದಿತು. ಗೋಡೆಯಾಚೆ ಮಾವನ ಕೋಣೆಯಲ್ಲಿ ಇನ್ನೊಂದು ಟಿಣ್. ಅಲ್ಲಿ ದೀಪದ ಸ್ವಿಚ್ ಟಕ್ ಎಂದಿತು. ಚಪ್ಪಲಿಯ ಸದ್ದು ಇತ್ತಲೇ ಬಂದು ನಮ್ಮ ಬಾಗಿಲ ಹೊರಗೆ ನಿಂತಿದೆ.

"ಮಲಗಿದ್ಯೇನಮ್ಮಾ? ಏನಿಲ್ಲ, ಸುಮ್ನೆ ಕೇಳ್ದೆ. ನಾಳೆ ನಾನೂ ಒಂದ್ಸಲ ಅಂಗಡಿಗೆ ಬರ್ಲಾ?"