ಇಬ್ಬರು ಲೌಫಿಸೋ, ಒಂದೇ ಸೂಜಿ

ಶುಶ್ರೂಷಾ ಶಾಲೆಯ ಪರೀಕ್ಷಾ ಮುಖ್ಯಸ್ಥರೇ,

ಹಿರಿಯರೊಬ್ಬರ ಪ್ರಾಣ ಉಳಿಸಿದ ಅಪರಾಧಕ್ಕಾಗಿ ತಾವು ಮಸಿನಾ ಎಂಬ ವಿದ್ಯಾರ್ಥಿನಿಯನ್ನು ಔಷಧ ಸುರಕ್ಷತೆಯ ಪರೀಕ್ಷೆಯಲ್ಲಿ ನಪಾಸು ಮಾಡಿದ್ದೀರಿ. ಅಭಿನಂದನೆಗಳು. ಕಾರಣ, "ಮುಖಂಡರಿಗೆ ಅಗೌರವ"ವಂತೆ. ಮರುಪರೀಕ್ಷೆ ಇಲ್ಲವಾದ್ದರಿಂದ ಅವಳ ಓದು ಇಲ್ಲಿಗೇ ಮುಗಿಯಿತಂತೆ. ಆ ಮುಖಂಡರ ಪಕ್ಕದ ಹಾಸಿಗೆಯಲ್ಲಿ ಮಲಗಿ ಎಲ್ಲವನ್ನೂ ಕಣ್ಣಾರೆ ಕಂಡವನು ನಾನು.

ನಮ್ಮ ಸಮೋವಾದಲ್ಲಿ ಮನೆತನದ ಒಂದೇ ಮುಖಂಡ ಪದವಿಯನ್ನು ಇಬ್ಬರು ಮೂವರು ಹೊರುವುದು ತಮಗೆ ತಿಳಿಯದ ಸಂಗತಿಯೇ? ಪದವಿ ಬಂದ ಮೇಲೆ ಅದರ ಹೆಸರೇ ನಮ್ಮ ಹೆಸರು. ನಾನೂ ಲೌಫಿಸೋ, ದೊಡ್ಡಪ್ಪನ ಮಗನೂ ಲೌಫಿಸೋ. ಸಕ್ಕರೆ ಕಾಯಿಲೆಯವನಾದ ನಾನು ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದೆ. ಅಣ್ಣ ಹಂದಿ ಅಟ್ಟಲು ಹೋಗಿ ಮೊಣಕೈ ಮುರಿದುಕೊಂಡು ಬಂದ. ಕಿರಿಯನಿಗೆ ಗಾಳಿ, ಹಿರಿಯನಿಗೆ ಬೆವರು ಎಂದರೆ ಊರು ಉಗಿಯುವುದಿಲ್ಲವೇ? ಯಾರಿಗೂ ಹೇಳದೆ ಜಾಗ ಬದಲಿಸಿಕೊಂಡೆವು. ಆಸ್ಪತ್ರೆಯವರು ಕಟ್ಟಿದ ಕೈಪಟ್ಟಿಯಲ್ಲಿ ಇಬ್ಬರಿಗೂ ಪದವಿಯ ಹೆಸರೇ.

ನನ್ನ ಇನ್ಸುಲಿನ್ ಹಿಡಿದು ಮಸಿನಾ ಕಿಟಕಿಯ ಬಳಿ ಬಂದಳು. ಹಿಂದೆ ನಿಮ್ಮ ಪರೀಕ್ಷಕರು. ಲೌಫಿಸೋ ತಾವೇನಾ ಎಂದಳು. ಅಣ್ಣ ಗತ್ತಿನಿಂದ ಹೌದೆಂದ. ಹಾಸಿಗೆ ಸರಿ, ಪಟ್ಟಿ ಸರಿ. ಆದರೂ ಹುಡುಗಿ, ತಾವು ಹುಟ್ಟಿದಾಗ ಇಟ್ಟ ಹೆಸರೇನು ಎಂದು ಕೇಳಿದಳು. ಅಣ್ಣ ಗದರಿದ:

"ಆ ಹೆಸರು ಹಿಡಿದು ಕೂಗೋಕೆ ನೀನೇನು ನಮ್ಮಮ್ಮನಾ?"

ಅವಳು ಹಿರಿಯರ ಮುಂದೆ ಕೂರುವ ನಮ್ಮ ಪದ್ಧತಿಯಂತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಲೆ ತಗ್ಗಿಸಿ ಹೇಳಿದಳು: "ಬೈರಿ ತಾತ, ಬೈಸ್ಕೋತೀನಿ. ಆದ್ರೆ ಈ ಸೂಜಿ ನಿಮ್ಮದಲ್ಲದೆ ಇದ್ರೆ, ನಾಳೆ ಬೈಯೋಕೆ ನೀವೇ ಇರಲ್ಲ."

ಆಗ ನಾನು, "ಲೇ, ಅದು ನಂದು ಕಣಮ್ಮಾ" ಎಂದೆ. ಅಣ್ಣನ ಮುಖ ಬೆಳ್ಳಗಾಯಿತು. ಆದರೂ ಸಿಟ್ಟಿಗೆ ದೂರು ಕೊಟ್ಟ. ತಾವು ಅದನ್ನು ಕಣ್ಣಿಗೊತ್ತಿಕೊಂಡಿರಿ.

ನೆಲದ ಮೇಲೆ ಕೂತು ಕೇಳಿದ್ದು ಅಗೌರವವಾದರೆ, ಗೌರವದಿಂದ ಕೊಲ್ಲುವುದು ಹೇಗೆಂದು ತಾವೇ ಒಂದು ಪಾಠ ಮಾಡಿ. ವಾರ್ಡಿನ ತರಬೇತಿಯನ್ನು ಕಡಿತ ಮಾಡಿ ಕಂಪ್ಯೂಟರ್ ಪಾಠ ತಂದಿದ್ದೀರಲ್ಲ, ಅದರೊಳಗಿನ ರೋಗಿ ಎಷ್ಟು ಸಾಧು! ಹಾಸಿಗೆ ಬಿಟ್ಟು ಏಳುವುದಿಲ್ಲ, ಅವನಿಗೆ ಅಣ್ಣತಮ್ಮಂದಿರಿಲ್ಲ, ಪದವಿಯ ಜಂಬವೂ ಇಲ್ಲ. ಅಂಥವನಿಗೆ ಔಷಧ ಕೊಡಲು ನನಗೂ ಬರುತ್ತದೆ.

ದೂರು ವಾಪಸ್ ತಗೋ ಎಂದರೆ ಅಣ್ಣ, ಆಡಿದ ಮಾತು ನುಂಗಲಾರೆ ಎನ್ನುತ್ತಾನೆ. ಆದರೆ ಈಗ ಯಾವ ನರ್ಸ್ ಮಾತ್ರೆ ತಂದರೂ ಬಾಯಿಗೆ ಕೈ ಅಡ್ಡ ಹಿಡಿದು ಕೇಳುತ್ತಾನೆ: "ಮೊದ್ಲು ನನ್ನ ಹುಟ್ಟು ಹೆಸರು ಕೇಳಲ್ವಾ?"

ಮಸಿನಾಳನ್ನು ಪಾಸು ಮಾಡಿ. ಕಲಿಯುವ ಮಕ್ಕಳನ್ನು ಮತ್ತೆ ನಮ್ಮಂಥ ಮೊಂಡರ ಬಳಿಗೆ ಕಳಿಸಿ. ದೂರು ಕೊಡಲು ದೂರುದಾರ ಉಳಿದಿದ್ದಾನಲ್ಲ, ಅಂಕ ಕೊಡಲು ಇನ್ನೇನು ಸಾಕ್ಷಿ ಬೇಕು?

ಇಂತಿ,
ತನ್ನ ಸೂಜಿಯನ್ನು ತಾನೇ ಚುಚ್ಚಿಸಿಕೊಂಡ ಭಾಗ್ಯವಂತ,
ಕಿರಿಯ ಲೌಫಿಸೋ
(ತಾಯಿ ಇಟ್ಟ ಹೆಸರು ಪೆನಿ)