ಜಾರ್ ದೊರೆಯ ಮುಸ್ಲಿಮರಿಗೆ ದಾಂಡೇಲಿಯಲ್ಲಿ ಬೀಗ

ಮಾನ್ಯ ಪರವಾನಿಗೆ ಅಧಿಕಾರಿಗಳೇ,

ಕಳೆದ ತಿಂಗಳು ನನ್ನ ಮಗಳ ಉಪನ್ಯಾಸಕ್ಕೆ ತಾವೇ ಕೊಟ್ಟಿದ್ದ ಸಮುದಾಯ ಭವನವನ್ನು ಅದೇ ದಿನ ಮುಂಜಾನೆ ತಾವೇ ರದ್ದು ಮಾಡಿ, ಬಾಗಿಲಿಗೆ ಬೀಗ ಜಡಿಸಿದಿರಿ. ಅಷ್ಟಕ್ಕೆ ತೃಪ್ತಿಯಾಗದೆ ಅವಳ ಕಾಲೇಜಿಗೂ ಪತ್ರ ಬರೆದು ಅವಳ ಅನ್ನಕ್ಕೆ ಕಲ್ಲು ಹಾಕಿದಿರಿ. ಕಾರಣ ಕೇಳಿ ಅರ್ಜಿ ಕೊಟ್ಟೆ, ಉತ್ತರವಿಲ್ಲ. ಲಕೋಟೆ ಒಡೆಯುವ ಶ್ರಮ ತಮಗೆ ಹೆಚ್ಚಾಯಿತೇನೋ ಎಂದು ಈ ಸಲ ಲಕೋಟೆಯಿಲ್ಲದೆ, ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಕಾಗದ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಟೈಂ ಆಫೀಸಿನಲ್ಲಿ ಕಾರಕೂನನಾಗಿದ್ದು ನಿವೃತ್ತನಾದವನು. ಮಗಳು ವಿದ್ಯಾವತಿ ಇಲ್ಲಿಯ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಅಂದರೆ, ಯಾವಾಗ ಬೇಕಾದರೂ ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸಬಹುದಾದ ಅತಿಥಿ. ರಷ್ಯಾದ ಜಾರ್ ಚಕ್ರವರ್ತಿಗಳ ಆಳ್ವಿಕೆಯಲ್ಲಿ ವೋಲ್ಗಾ ನದಿಯ ಸೀಮೆಯ ಮುಸ್ಲಿಮರು ಹೇಗೆ ಬಾಳಿದರು, ಹೇಗೆ ನಮಾಜು ಮಾಡಿದರು, ಮಕ್ಕಳಿಗೆ ಹೇಗೆ ಓದಿಸಿದರು ಎಂಬುದು ಅವಳ ಸಂಶೋಧನೆ. ಅಷ್ಟು ದೂರದ್ದು ಯಾಕವಾ ಎಂದು ನಾನೂ ಒಮ್ಮೆ ಕೇಳಿದ್ದೆ.

“ಅಪ್ಪಾ, ಹತ್ತಿರದ್ದು ಹೇಳಿದ್ರ ಮಂದಿ ಕೇಳೂಕಿಂತ ಮೊದ್ಲ ಸಿಟ್ಟಾಗ್ತಾರ. ದೂರದ್ದಾದ್ರ ಕಡೀತನಕ ಕೇಳ್ತಾರ,” ಅಂದಳು.

ಪಾಪ, ಅವಳಿಗೆ ಆಗ ತಮ್ಮ ಪರಿಚಯವಿರಲಿಲ್ಲ.

ರದ್ದಾದ ಸುದ್ದಿ ಕೇಳಿ ನಾವಿಬ್ಬರೂ ತಮ್ಮ ಚೇಂಬರಿಗೆ ಬಂದೆವು. ಅಲ್ಲಿ ನಡೆದ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ. ಸೇರಿಸಿ ಬರೆಯುವ ಅಗತ್ಯವನ್ನು ತಾವು ಉಳಿಸಿಲ್ಲ.

“ರಷ್ಯಾದ ಮುಸ್ಲಿಮ್ಮರ ಬಗ್ಗೆ ದಾಂಡೇಲಿಯೊಳಗ ಯಾಕ ಮಾತಾಡ್ಬೇಕ್ರಿ?” ಎಂದಿರಿ ತಾವು.

“ಸರ್, ಅದು ನೂರಾರು ವರ್ಷದ ಹಿಂದಿನ ಇತಿಹಾಸ,” ಎಂದಳು ವಿದ್ಯಾವತಿ.

“ಹಿಂದಿಂದಾದ್ರೂ ವಿಷಯ ಸೂಕ್ಷ್ಮ ಐತಿ. ಅಲ್ಲಿ ಈಗ ಯುದ್ಧ ಬ್ಯಾರೆ ನಡದೈತಿ. ಜಾರ್ ಅವರ ಕಡೇವ್ರು ಯಾರರ ತಕರಾರ ಮಾಡಿದ್ರ?”

“ಜಾರ್ ಹೋಗಿ ನೂರು ವರ್ಷದ ಮ್ಯಾಲಾತ್ರಿ.”

“ಮನೆತನ ಇರ್ತೈತೆಲ್ಲ! ನೋಡವಾ, ಬ್ಯಾರೆ ವಿಷಯ ಹಚ್ಕೋ. ಮಂಗಟ್ಟೆ ಹಕ್ಕಿ ಮ್ಯಾಲೆ ಮಾತಾಡು, ನಾನ ಬಂದು ದೀಪಾ ಹಚ್ತೇನಿ.”

ಕಾಳಿ ನದಿಯ ದಂಡೆಯಲ್ಲಿ ಕುಳಿತು ರಷ್ಯಾದ ರಾಜಮನೆತನದ ಮಾನ ಕಾಯುವ ಅಧಿಕಾರಿ ಭೂಮಂಡಲದಲ್ಲಿ ತಾವೊಬ್ಬರೇ ಇರಬೇಕು. ಅವರಿಗೆ ತಿಳಿದಿದ್ದರೆ ತಮಗೊಂದು ಪದಕವನ್ನಾದರೂ ಕಳಿಸುತ್ತಿದ್ದರು. ತಕರಾರು ಕೊಟ್ಟವರು ಯಾರು ಎಂದು ಕೇಳಿದೆ. “ಯಾರೂ ಕೊಟ್ಟಿಲ್ಲ, ಕೊಡಬಹುದು,” ಎಂದಿರಿ. ಇನ್ನೂ ಹುಟ್ಟದ ತಕರಾರಿಗೆ ತೊಟ್ಟಿಲು ಕಟ್ಟುವುದಕ್ಕೇ ಸರ್ಕಾರ ತಮಗೆ ಸಂಬಳ ಕೊಡುತ್ತಿದೆಯೇ?

ಉಪನ್ಯಾಸ ನಿಲ್ಲಲಿಲ್ಲ. ಬಂದ ಮಂದಿಯನ್ನು ಹಾಗೇ ಕಳಿಸಲು ಮನಸ್ಸಾಗದೆ ನಮ್ಮ ಮನೆಯ ಅಂಗಳದಲ್ಲೇ ಕೂಡಿಸಿದೆವು. ರೊಟ್ಟಿ ಮಾಡಿ ಮಾರುವ ಪಕ್ಕದ ಮನೆಯ ಮಾಲವ್ವ ತನ್ನ ಚಾಪೆಗಳನ್ನೆಲ್ಲ ತಂದು ಹಾಸಿದಳು. ಕಾರ್ಖಾನೆಯಲ್ಲಿ ನನ್ನ ಜೊತೆ ದುಡಿದ ದಸ್ತಗೀರಸಾಬರು ಮುಂದಿನ ಸಾಲಿನಲ್ಲಿ ಕುಳಿತರು.

ವಿದ್ಯಾವತಿ ನಿಂತುಕೊಂಡೇ ಹೇಳಿದಳು. ಮೊದಲು ನೂರಾರು ಮಸೀದಿ ಕೆಡವಿದ ಸಾಮ್ರಾಜ್ಯವೇ ಆಮೇಲೆ ಮಸೀದಿಗೆ ಅನುಮತಿ ಕೊಟ್ಟಿತು, ಆದರೆ ಮುಸ್ಲಿಮರ ಹಿರಿಯ ಧರ್ಮಾಧಿಕಾರಿಯಾದ ಮುಫ್ತಿಯನ್ನು ತಾನೇ ನೇಮಿಸಿತು. ಇಮಾಮರು ದೂರದ ಊರಿಗೆ ಹೋಗಿ ಸರ್ಕಾರಿ ಮಂಡಳಿಯ ಮುಂದೆ ಪರೀಕ್ಷೆ ಕೊಡಬೇಕಾಗಿತ್ತು. ನಮಾಜಿನ ಜೊತೆ ಜಾರ್ ದೊರೆಯ ಒಳಿತಿಗಾಗಿಯೂ ದೇವರಲ್ಲಿ ದುವಾ ಕೇಳಬೇಕಾಗಿತ್ತು. ಬಲವಂತಕ್ಕೆ ಕ್ರೈಸ್ತರಾದವರ ಮೊಮ್ಮಕ್ಕಳು ಚರ್ಚಿನಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬಾಳಿದರು. ಸತ್ತವರನ್ನು ಮೂರು ದಿನ ಮಣ್ಣು ಮಾಡಬಾರದೆಂದೂ ಒಂದು ಕಾಯ್ದೆ ಬಂತು.

ದಸ್ತಗೀರಸಾಬರು ಅಲ್ಲಿಯೇ ತಡೆದರು. “ಮೂರು ದಿನಾ? ನಮ್ಮಾಕಿ ತೀರಿಕೊಂಡಾಗ ಮಿಲ್ಲಿಂದ ಹಂಗ ಓಡಿ ಬಂದು ಸಂಜಿಯೊಳಗ ಮಣ್ಣು ಕೊಟ್ಟೆ. ಮೂರು ದಿನ ಇಡು ಅಂದಿದ್ರ ನಾ ಏನ್ ಮಾಡ್ತಿದ್ದೆ, ಬೇಟಿ?”

“ಆ ದೊರೀಗೆ ಹೇಣ್ತಿ ಮಕ್ಕಳು ಇರ್ಲಿಲ್ಲೇನ?” ಎಂದಳು ಮಾಲವ್ವ.

“ಇದ್ರು. ಆದ್ರ ಕಾಯ್ದೆ ಬರದಾವ್ರು ಹೆಣಾ ಕಾಯ್ದಾವ್ರು ಅಲ್ಲಲ್ಲ, ಮಾಲವ್ವಾ. ಮಂದಿ ಅರ್ಜಿ ಮ್ಯಾಲೆ ಅರ್ಜಿ ಹಾಕಿದ್ರು. ಕಡೀಕ ಸರ್ಕಾರ ಸೋತು ವಿನಾಯಿತಿ ಕೊಡ್ತು.”

ದಸ್ತಗೀರಸಾಬರು ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಮಾಲವ್ವ ಎಲ್ಲರಿಗೂ ಚಹಾ ಕೊಟ್ಟಳು. ತಾವು ಹೆದರಿದ ಗಲಭೆ ಇಷ್ಟೇ, ಸಾಹೇಬರೇ. ಹೆಣದ ಮುಂದೆ ಕುಳಿತವರ ಸಂಕಟ ಯಾವ ಸೀಮೆಯದಾದರೂ ಒಂದೇ ಎಂದು ನಮ್ಮ ಓಣಿಯವರಿಗೆ ಅರ್ಥವಾಯಿತು. ತಮಗೆ ಸೂಕ್ಷ್ಮವೆನಿಸಿದ್ದು ಇದೇ ಇರಬಹುದೇ?

ಮರುದಿನವೇ ತಮ್ಮ ಪತ್ರ ಕಾಲೇಜು ಮುಟ್ಟಿತು. ಭವನಕ್ಕೆ ಪಂಖ ಹಾಕಿಸಲು ವರ್ಷಗಟ್ಟಲೆ ತೆಗೆದುಕೊಂಡ ಕಚೇರಿ ಒಂದೇ ದಿನದಲ್ಲಿ ಎಷ್ಟು ಚುರುಕಾಯಿತು! ಪ್ರಾಚಾರ್ಯರು ಅವಳನ್ನು ಕರೆದು, “ಮುಂದಿನ ಸೆಮಿಸ್ಟರಿಗೆ ನೀ ಬರೂದು ಬ್ಯಾಡವಾ. ನನ್ನ ಕೈಯಾಗೇನೂ ಇಲ್ಲ,” ಎಂದರಂತೆ. ಮನೆಗೆ ಬಂದವಳು ಚೀಲವಿಟ್ಟು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಈಗ ಬಸ್ಸು ಹಿಡಿದು ಹಳಿಯಾಳಕ್ಕೆ ಹೋಗಿ ಟ್ಯೂಷನ್ ಹೇಳಿ ಬರುತ್ತಾಳೆ. ರಷ್ಯಾದ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದ್ದಾಳೆ.

ಆ ಅಂಗಳದಲ್ಲಿ ಅವಳು ಹೇಳಿದ ಇನ್ನೊಂದು ಸಂಗತಿಯನ್ನು ತಾವು ಕೇಳಲೇಬೇಕು. ಜಾರ್ ಆಳ್ವಿಕೆಯ ಕೊನೆಗಾಲದಲ್ಲಿ ಒಂದು ಹಳ್ಳಿಯ ಮುಸ್ಲಿಮರು ಹುಡುಗಿಯರಿಗೆ ಹೊಸ ಪದ್ಧತಿಯ ಶಾಲೆ ತೆರೆದಿದ್ದರು. ಯಾರೋ ಚಾಡಿ ಹೇಳಿದರು, ಪೊಲೀಸರು ಬಂದರು, ಶಾಲೆ ಮುಚ್ಚಿತು. ಕೆಲವೇ ವರ್ಷಗಳಲ್ಲಿ ಜಾರ್ ಪಟ್ಟದಿಂದ ಇಳಿದ. ಮುಸ್ಲಿಮರು ಸಭೆ ಸೇರಿ, ಮುಚ್ಚಿದ ಆ ಶಾಲೆ ನಡೆಸುತ್ತಿದ್ದ ಹೆಣ್ಣುಮಗಳನ್ನೇ ತಮ್ಮ ಧಾರ್ಮಿಕ ಮಂಡಳಿಗೆ, ನ್ಯಾಯ ಹೇಳುವ ಖಾಜಿಯಾಗಿ ಆರಿಸಿದರು. ಅವಳ ಹೆಸರು ನನ್ನ ಮಗಳಿಗೆ ಗೊತ್ತು. ಶಾಲೆ ಮುಚ್ಚಿಸಿದ ಸಾಹೇಬನ ಹೆಸರು ಕೇಳಿದೆ. “ಯಾರಿಗ್ ಬೇಕಪ್ಪಾ ಅದು?” ಅಂದಳು.

ನನ್ನ ಬೇಡಿಕೆ ದೊಡ್ಡದೇನಲ್ಲ. ಕಾಲೇಜಿಗೆ ಬರೆದ ಪತ್ರವನ್ನು ಬರಹದಲ್ಲೇ ಹಿಂತೆಗೆದುಕೊಳ್ಳಿ. ಭವನದ ಬೀಗ ತೆಗೆಸಿ, ಅದೇ ಉಪನ್ಯಾಸ ಅದೇ ಭವನದಲ್ಲಿ ನಡೆಯಲಿ. ತಾವೂ ಬನ್ನಿ, ಭಾಷಣ ಮಾಡದೆ ದಸ್ತಗೀರಸಾಬರ ಪಕ್ಕದಲ್ಲಿ ಕುಳಿತು ಕೇಳಿ. ಅರ್ಥವಾಗದಿದ್ದರೆ ಕೈ ಎತ್ತಿ. ನನ್ನ ಮಗಳು ಮಂದಬುದ್ಧಿಯವರಿಗೂ ತಾಳ್ಮೆಯಿಂದ ಕಲಿಸುತ್ತಾಳೆ.

ಇಂತಿ,
ಇತಿಹಾಸ ಓದವಾ, ಯಾರ ತಂಟೆಯೂ ಇರುವುದಿಲ್ಲ ಎಂದು ಮಗಳಿಗೆ ಧೈರ್ಯ ಹೇಳಿದ್ದ ದಡ್ಡ ತಂದೆ,
ಚನಬಸಪ್ಪ
ದಾಂಡೇಲಿ