ಶಾಸನದ ಕಲ್ಲಿಗೆ ಪಾಲಿಶ್

ಅಪ್ಪಯ್ಯ,

ಸಿರ್ಸಿಯ ನಮ್ಮ ಕೇರಿಯ ದೇವಸ್ಥಾನಕ್ಕೆ ಮುಂದಿನ ವಾರ ಪುನರ್‌ಪ್ರತಿಷ್ಠೆ. ಬಾಗಿಲ ಬದಿಯ ಶಾಸನದ ಕಲ್ಲಿಗೆ ಕಮಿಟಿಯವರು ನಿನ್ನೆ ಮಷಿನ್ ಹಿಡಿಸಿ ಪಾಲಿಶ್ ಮಾಡಿಸಿದ್ದಾರೆ. ಒಂದಕ್ಷರವೂ ಉಳಿದಿಲ್ಲ. ಅವರದು ಭಕ್ತಿಯೇ, ಬಯ್ಯುವುದಾದರೂ ಹೇಗೆ?

ಕಮಿಟಿಯ ಗಣಪಣ್ಣ ನನ್ನನ್ನು ಕರೆಸಿ, "ಅದರಲ್ಲಿ ಎಂತ ಬರದಿತ್ತು ತಂಗಿ? ನಿನ್ನ ಅಪ್ಪಯ್ಯ ಪಟ್ಟಿಲಿ ಬರದಿಟ್ಟಿದ್ದ ಅಲ್ದ? ಬೋರ್ಡ್ ಮಾಡ್ಸನ" ಎಂದ.

ನೀನು ತೀರಿಹೋದ ಮೇಲೆ ಮನೆ ಖಾಲಿ ಮಾಡುವಾಗ ನಿನ್ನ ಪಟ್ಟಿ, ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿದ್ದು ಯಾರು ಅಂತ ನಾನು ಹೇಳಲಿಲ್ಲ.

ನೀನು ಓದಲೆಂದು ಆ ಕಲ್ಲಿಗೆ ಅಕ್ಕಿಹಿಟ್ಟು ತೀಡುತ್ತಿದ್ದವಳು ನಾನೇ. ಅಕ್ಷರಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು. ಅವು ಏನು ಹೇಳುತ್ತವೆ ಎಂದು ಒಮ್ಮೆಯೂ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ಇವತ್ತು ಒಂದು ಹಿಡಿ ಹಿಟ್ಟು ತಂದು ತೀಡಿ ನೋಡಿದೆ. ಅಷ್ಟೂ ಜಾರಿ ನೆಲಕ್ಕೆ ಬಿತ್ತು.